ಮಗುವಿನ ಮೈಮೇಲಿನ ಬರೆ: ಅಹಿಂಸಾಣುವ್ರತದ ದೃಷ್ಟಿಯಿಂದ ಒಂದು ವಿಚಾರ

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗಾಂಗಗಳನ್ನು ಕೊಯ್ಯುವುದು, ಹೊರಲಾರದ ಹೊರೆಯನ್ನು ಹೊರಿಸುವುದು, ಅನ್ನನೀರುಗಳನ್ನು ತಡೆಯುವುದು. ಇವನ್ನು ವಿವರಿಸುವಾಗ ಪ್ರವಚನಕಾರರು ಸಾಮಾನ್ಯವಾಗಿ ಗಾಡಿಯ ಎತ್ತನ್ನೋ ಕೊಟ್ಟಿಗೆಯ ಹಸುವನ್ನೋ ಮನೆಯ ಆಳನ್ನೋ ಉದಾಹರಣೆಯಾಗಿ ತೆಗೆದುಕೊಳ್ಳುತ್ತಾರೆ. ಅದು ಉಚಿತವೇ ಆಗಿದೆ. ಆದರೆ ಗೃಹಸ್ಥನ ಮನೆಯಲ್ಲಿ ಎತ್ತಿಗಿಂತಲೂ ಅಸಹಾಯಕವಾದ ಇನ್ನೊಂದು ಜೀವವುಂಟು. ಎತ್ತು ಕೊಂಬನ್ನಾದರೂ ಬೀಸೀತು. ತೊಟ್ಟಿಲಿನಲ್ಲಿರುವ ಶಿಶುವಿಗೆ ಅಳುವುದರ ಹೊರತು ಬೇರೆ ಉಪಾಯವಿಲ್ಲ. ಅದು ಅತ್ತರೆ ನೋವಿನಿಂದ ಅತ್ತಿತೆಂದು ತಿಳಿಯುವುದಕ್ಕೆ ಬದಲಾಗಿ, ರೋಗವು ಬಿಟ್ಟುಹೋಗುತ್ತಿದೆಯೆಂದು ಸಮಾಧಾನಪಡುವ ಪರಿಪಾಠವೂ ನಮ್ಮ ನಾಡಿನಲ್ಲಿದೆ.

ಹಸುಗೂಸಿನ ಮೈ ಹಳದಿಗಟ್ಟಿದರೆ ಕಾಮಣಿಯೆಂದು ಹೊಟ್ಟೆಯ ಮೇಲೆ ಚುಟಿಗೆ ಹಾಕಿಸುವುದು, ಉಸಿರಾಟಕ್ಕೆ ಪಕ್ಕೆ ಎಳೆಯುತ್ತಿದ್ದರೆ ಎದೆಗೆ ಬರೆ ಹಾಕಿಸುವುದು, ಸೆಳವು ಬಂದರೆ ಬಾಲಗ್ರಹವೆಂದು ಸುಡುವುದು, ಇವು ಕೇವಲ ಹಿಂದಿನ ಕಾಲದ ಸಂಗತಿಗಳಲ್ಲ. ಸಾಧನಗಳು ಊರಿಂದೂರಿಗೆ ಬೇರೆಯಾಗುತ್ತವೆ. ಕಾಸಿದ ಕಬ್ಬಿಣದ ಕಂಬಿ, ಸೂಜಿ, ಬಳೆಯ ತುಂಡು, ಕೆಂಡದಲ್ಲಿ ಸುಟ್ಟ ಅರಿಶಿನದ ಕೊಂಬು, ಈಚೆಗೆ ಊದುಬತ್ತಿ. ರಾಜಸ್ಥಾನದಲ್ಲಿ ಇದನ್ನು ಡಾಮ್ ಎನ್ನುತ್ತಾರೆ. ಮಧ್ಯಪ್ರದೇಶದ ಶಹಡೋಲ್ ಸೀಮೆಯಲ್ಲಿ ದಾಗನಾ ಎನ್ನುತ್ತಾರೆ. 2023ರ ಫೆಬ್ರವರಿಯಲ್ಲಿ ಅದೇ ಶಹಡೋಲ್ ಜಿಲ್ಲೆಯಲ್ಲಿ ಮೂರು ತಿಂಗಳ ಹೆಣ್ಣುಶಿಶುವೊಂದಕ್ಕೆ ನ್ಯುಮೋನಿಯಾ ಆಗಿದ್ದಾಗ 51 ಸಲ ಬರೆ ಹಾಕಿಸಿದ್ದರೆಂದೂ ಆ ಶಿಶು ಆಸ್ಪತ್ರೆಯಲ್ಲಿ ಅಸುನೀಗಿತೆಂದೂ ದೇಶವೆಲ್ಲ ಓದಿತು. ಜೈನರ ಮನೆಗಳು ಇದಕ್ಕೆ ಪೂರ್ಣವಾಗಿ ಹೊರತೆಂದು ಹೆಮ್ಮೆಪಡುವಂತೆಯೂ ಇಲ್ಲ. ಹಳ್ಳಿಯಲ್ಲಿ ಸೂಲಗಿತ್ತಿ ಒಬ್ಬಳೇ, ನಾಟಿವೈದ್ಯನು ಒಬ್ಬನೇ, ನೆರೆಮನೆಯ ಅಜ್ಜಿಯ ಸಲಹೆಯು ಎಲ್ಲರಿಗೂ ಒಂದೇ. ರಾತ್ರಿ ದೀಪಕ್ಕೆ ಹುಳು ಬೀಳದಂತೆ ಎಚ್ಚರವಹಿಸುವ ಮನೆಯಲ್ಲಿ, ನೀರನ್ನು ಬಟ್ಟೆಯಿಂದ ಸೋಸದೆ ಮುಟ್ಟದ ಮನೆಯಲ್ಲಿ, ಹತ್ತು ದಿನದ ಮಗುವಿನ ಹೊಟ್ಟೆಯ ಮೇಲೆ ಕಾಸಿದ ಕಂಬಿ ತಾಗುವುದಾದರೆ, ಆ ಮನೆಯ ವ್ರತವು ಎಲ್ಲಿ ಕುಂಟಿತೆಂದು ವಿಚಾರಿಸುವುದು ಶ್ರಾವಕರ ಕರ್ತವ್ಯವಾಗಿದೆ.

ಮೊದಲು ಈ ನಂಬಿಕೆಯು ಏಕೆ ಇಷ್ಟು ದೃಢವಾಗಿ ನಿಂತಿದೆಯೆಂಬುದನ್ನು ಅರಿಯಬೇಕು. ತುಂಬಿದ ತಿಂಗಳಲ್ಲಿ ಹುಟ್ಟಿದ ಶಿಶುಗಳಲ್ಲಿಯೂ ಅರ್ಧಕ್ಕಿಂತ ಹೆಚ್ಚಿನವಕ್ಕೆ ಎರಡನೆಯ ಅಥವಾ ಮೂರನೆಯ ದಿನ ಮೈ ಹಳದಿಯಾಗುತ್ತದೆ. ಹಳೆಯ ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ದ್ರವ್ಯವನ್ನು ಹೊರಹಾಕುವ ಶಕ್ತಿಯು ಎಳೆಯ ಯಕೃತ್ತಿಗೆ ಇನ್ನೂ ಬಂದಿರುವುದಿಲ್ಲ. ಒಂದೆರಡು ವಾರಗಳಲ್ಲಿ ಆ ಶಕ್ತಿಯು ಬರುತ್ತದೆ, ಹಳದಿಯು ತಾನಾಗಿಯೇ ಇಳಿಯುತ್ತದೆ. ಐದನೆಯ ದಿನ ಚುಟಿಗೆ ಹಾಕಿ ಹನ್ನೆರಡನೆಯ ದಿನ ಮಗು ಚೆನ್ನಾದರೆ, ಕಂಬಿಯೇ ಗುಣಪಡಿಸಿತೆಂದು ಮನೆಯವರು ನಂಬುವುದು ಸಹಜ. ಆ ಮಗುವು ಬೆಳೆದು ಮುದುಕನಾಗಿ, ತನ್ನ ಹೊಟ್ಟೆಯ ಮೇಲಿನ ಕಲೆಯನ್ನು ಮೊಮ್ಮಗುವಿನ ತಾಯಿಗೆ ತೋರಿಸಿ, ನನಗೂ ಹಾಕಿದ್ದರು, ನಾನು ಬದುಕಲಿಲ್ಲವೇ ಎಂದು ಕೇಳುತ್ತಾನೆ. ಬದುಕದೆ ಹೋದವರು ಬಂದು ಸಾಕ್ಷಿ ಹೇಳುವುದಿಲ್ಲ. ಹುಟ್ಟಿದ ಮೊದಲ ದಿನವೇ ಹಳದಿ ಕಾಣಿಸಿಕೊಂಡರೆ, ಅಂಗೈ ಅಂಗಾಲುಗಳವರೆಗೂ ಅದು ಇಳಿದರೆ, ಶಿಶುವು ಮಂಕಾಗಿ ಮೊಲೆ ಚೀಪುವುದನ್ನು ಬಿಟ್ಟರೆ, ಆ ದ್ರವ್ಯವು ಮಿದುಳಿಗೆ ಸೇರಿ ಕಿವುಡುತನವನ್ನೂ ಅಂಗವಿಕಲತೆಯನ್ನೂ ಮರಣವನ್ನೂ ತರಬಲ್ಲುದು. ಅಂತಹ ಶಿಶುವಿಗೆ ಬೇಕಾದುದು ಬೆಳಕು. 1958ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ವೈದ್ಯರು ಬೆಳಕಿನಿಂದ ಈ ಹಳದಿಯು ಕರಗುವುದೆಂದು ಪ್ರಕಟಿಸಿದರು. ಇಂದು ನೀಲಿ ದೀಪದ ಕೆಳಗೆ ಮಗುವನ್ನು ಮಲಗಿಸುವ ವ್ಯವಸ್ಥೆಯು ಜಿಲ್ಲಾ ಆಸ್ಪತ್ರೆಗಳಲ್ಲಿದೆ. ಚುಟಿಗೆ ಹಾಕಿಸಿ ಕಾಯುತ್ತ ಕುಳಿತ ಎರಡು ದಿನಗಳಲ್ಲಿ ಆ ಬೆಳಕಿನ ಅವಕಾಶವು ಕೈತಪ್ಪಿಹೋಗುತ್ತದೆ. ಸುಟ್ಟ ಗಾಯವು ಕೀವಾಗಿ ನಂಜು ರಕ್ತಕ್ಕೆ ಏರುವುದು ಬೇರೆ.

ಇಷ್ಟಾಗಿಯೂ ಬರೆ ಹಾಕಿಸಿದ ತಾಯಿಯನ್ನು ಹಿಂಸಕಿಯೆಂದು ಕರೆಯಲು ಮನಸ್ಸು ಹಿಂಜರಿಯುತ್ತದೆ. ಹಿಂಜರಿಯಬೇಕಾದುದೂ ಸರಿಯೇ. ಅವಳಲ್ಲಿ ದ್ವೇಷವಿಲ್ಲ, ಕ್ರೋಧವಿಲ್ಲ. ಕಂಬಿ ತಾಗಿದಾಗ ಮಗುವಿನೊಡನೆ ತಾನೂ ಅಳುತ್ತಾಳೆ. ಅವಳ ಪರವಾಗಿ ವಾದಿಸುವವನು ಆಚಾರ್ಯ ಪೂಜ್ಯಪಾದರನ್ನೇ ಸಾಕ್ಷಿಗೆ ಕರೆಯಬಹುದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ತನಗಾಗಲಿ ಪರರಿಗಾಗಲಿ ದುಃಖ, ಶೋಕ, ತಾಪ, ಆಕ್ರಂದನಗಳನ್ನುಂಟುಮಾಡುವುದು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ಹೇಳಿದೆ. ಅದನ್ನು ವ್ಯಾಖ್ಯಾನಿಸುತ್ತ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಒಂದು ತೀಕ್ಷ್ಣವಾದ ಶಂಕೆಯನ್ನು ತಾವೇ ಎತ್ತುತ್ತಾರೆ: ಹಾಗಿದ್ದರೆ ಕೇಶಲೋಚನ, ಅನಶನ, ಬಿಸಿಲಿನಲ್ಲಿ ನಿಲ್ಲುವ ತಪಸ್ಸು, ಇವೆಲ್ಲ ದುಃಖವನ್ನೇ ತರುವುವಲ್ಲವೇ, ಜಿನಮಾರ್ಗದಲ್ಲಿ ಇವನ್ನು ಹೇಗೆ ಉಪದೇಶಿಸಿದ್ದಾರೆ? ಸಮಾಧಾನವಾಗಿ ಅವರು ವೈದ್ಯನ ದೃಷ್ಟಾಂತವನ್ನು ಕೊಡುತ್ತಾರೆ. ಪರಮ ಕರುಣಾಶಯನಾದ ವೈದ್ಯನು ಸಂಯಮಿಯ ಮೈಮೇಲಿನ ಹುಣ್ಣನ್ನು ಸೀಳುತ್ತಾನೆ, ನೋವಾಗುತ್ತದೆ, ಆದರೂ ನೋವಿಗೆ ಹೊರಗಿನ ನಿಮಿತ್ತನಾದ ಮಾತ್ರಕ್ಕೆ ಅವನಿಗೆ ಪಾಪಬಂಧವಿಲ್ಲ.

ಈ ದೃಷ್ಟಾಂತವು ಮೇಲುನೋಟಕ್ಕೆ ಚುಟಿಗೆಯ ತಾಯಿಗೂ ಅಜ್ಜಿಗೂ ಪೂರ್ಣ ರಕ್ಷೆಯನ್ನು ಕೊಡುವಂತೆ ಕಾಣುತ್ತದೆ. ಅವರಿಗೂ ಕರುಣೆಯಿದೆ, ಅವರೂ ಗುಣವಾಗಲೆಂದೇ ನೋಯಿಸುತ್ತಾರೆ. ಆದರೆ ಆಚಾರ್ಯರು ಇಲ್ಲಿ ಆರಿಸಿಕೊಂಡಿರುವ ವ್ಯಕ್ತಿಯು ಯಾರೆಂಬುದನ್ನು ಗಮನಿಸಬೇಕು. ಅವನು ವೈದ್ಯ. ಹುಣ್ಣು ಎಲ್ಲಿದೆ, ಹಣ್ಣಾಗಿದೆಯೇ, ಎಷ್ಟು ಆಳಕ್ಕೆ ಸೀಳಬೇಕು, ಸೀಳಿದ ಮೇಲೆ ಏನು ಕಟ್ಟಬೇಕು ಎಂಬುದೆಲ್ಲವನ್ನೂ ಬಲ್ಲವನು. ನೋವಿಗೂ ಗುಣಕ್ಕೂ ನಡುವೆ ಅಲ್ಲಿ ನಿಜವಾದ ಸಂಬಂಧವುಂಟು: ಕೀವು ಹೊರಬಿದ್ದರೆ ಹುಣ್ಣು ಮಾಯುತ್ತದೆ. ಹುಣ್ಣುಳ್ಳವನೋ ಸಂಯಮಿ, ತನ್ನ ಮೈಗೆ ಏನು ನಡೆಯುತ್ತಿದೆಯೆಂದು ಅರಿತು ಸಹಿಸುವವನು. ಇಷ್ಟೂ ಇದ್ದ ಮೇಲೆ ಆ ಕರುಣೆಗೆ ನಿರ್ದೋಷತ್ವವು ಬಂದಿದೆ. ಇವುಗಳಲ್ಲಿ ಕರುಣೆಯೊಂದನ್ನು ಮಾತ್ರ ಇಟ್ಟುಕೊಂಡು ಉಳಿದುವನ್ನು ತೆಗೆದುಹಾಕಿದರೆ ದೃಷ್ಟಾಂತವೇ ಉಳಿಯುವುದಿಲ್ಲ. ಹೊಟ್ಟೆಯ ಚರ್ಮವನ್ನು ಸುಡುವುದಕ್ಕೂ ಯಕೃತ್ತು ಬಲಿಯುವುದಕ್ಕೂ ಏನು ಸಂಬಂಧ? ಎದೆಗೆ ಬರೆ ಎಳೆಯುವುದಕ್ಕೂ ಶ್ವಾಸಕೋಶದ ಸೋಂಕು ಇಳಿಯುವುದಕ್ಕೂ ಏನು ಸಂಬಂಧ? ಇದನ್ನು ಯಾರೂ ವಿಚಾರಿಸಿಲ್ಲ. ವಿಚಾರಿಸದಿರುವುದಕ್ಕೆ ಜೈನಶಾಸ್ತ್ರದಲ್ಲಿ ಹೆಸರಿದೆ: ಪ್ರಮಾದ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ದ್ವೇಷವನ್ನು ಹೆಸರಿಸದೆ ಪ್ರಮತ್ತಯೋಗವನ್ನು ಹೆಸರಿಸಿದರು. ಅಮೃತಚಂದ್ರಸೂರಿಗಳೂ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಎಚ್ಚರದಿಂದ ನಡೆಯುವವನಿಂದ ಜೀವಘಾತವಾದರೂ ಅದು ಹಿಂಸೆಯಲ್ಲ, ಎಚ್ಚರಗೇಡಿಯಾಗಿ ನಡೆಯುವವನಿಂದ ಜೀವವು ಸಾಯದಿದ್ದರೂ ಹಿಂಸೆಯುಂಟೆಂದು ನಿರೂಪಿಸಿದ್ದಾರೆ. ಪ್ರೀತಿಯುಳ್ಳವರು ಪ್ರಮತ್ತರಾಗಲಾರರೆಂದು ಯಾವ ಆಚಾರ್ಯರೂ ಹೇಳಿಲ್ಲ. ಪ್ರೀತಿಯ ಭರದಲ್ಲಿಯೇ ಮನುಷ್ಯನು ಹೆಚ್ಚಾಗಿ ಪ್ರಮತ್ತನಾಗುವುದು ಲೋಕಾನುಭವ.

ಹಿಂದಿನ ಪೀಳಿಗೆಗೆ ತಿಳಿಯಲು ಬೇರೆ ದಾರಿಯಿರಲಿಲ್ಲ, ಅವರನ್ನು ಪ್ರಮತ್ತರೆನ್ನುವುದು ಕ್ರೂರವೆಂದು ಒಬ್ಬರು ಹೇಳಬಹುದು. ಆ ಮಾತಿನಲ್ಲಿ ನ್ಯಾಯವಿದೆ. ವೈದ್ಯನು ಎರಡು ದಿನದ ದಾರಿಯಾಚೆಗಿದ್ದ ಕಾಲದ ಅಜ್ಜಿಗೂ, ಆಶಾ ಕಾರ್ಯಕರ್ತೆಯು ಬಾಗಿಲಿಗೆ ಬಂದು ಮಗುವನ್ನು ನೋಡಿ ಹೋಗುವ ಕಾಲದ ಅಜ್ಜಿಗೂ ಒಂದೇ ತೂಕವನ್ನು ಹಾಕಲಾಗದು. ತಿಳಿಯುವ ದಾರಿಯು ತೆರೆದಷ್ಟೂ ತಿಳಿಯದಿರುವುದರ ಭಾರವು ಹೆಚ್ಚುತ್ತದೆ. ಆದರೆ ಪುರಾತನರ ಹೆಸರಿನಲ್ಲಿ ಬರೆಯನ್ನು ಸಮರ್ಥಿಸುವವರು ಪುರಾತನರನ್ನೇ ಓದಿಲ್ಲವೆಂಬುದೂ ನಿಜ. ಆಯುರ್ವೇದದಲ್ಲಿ ಅಗ್ನಿಕರ್ಮವೆಂಬ ಚಿಕಿತ್ಸೆಯಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹನ್ನೆರಡನೆಯ ಅಧ್ಯಾಯವೇ ಅದಕ್ಕೆ ಮೀಸಲು. ಯಾರನ್ನು ಬೆಂಕಿಯಿಂದ ಸುಡಬಾರದೆಂದು ಅಲ್ಲಿ ಕೊಟ್ಟಿರುವ ಪಟ್ಟಿಯಲ್ಲಿ ದುರ್ಬಲರು, ವೃದ್ಧರು, ಅಂಜುವವರು ಇವರೊಡನೆ ಬಾಲರೂ ಸೇರಿದ್ದಾರೆ. ಹಳ್ಳಿಯ ಚುಟಿಗೆಯು ಆ ಶಾಸ್ತ್ರದ ವಿಧಿಯನ್ನು ಉಳಿಸಿಕೊಂಡು ನಿಷೇಧವನ್ನು ಮರೆತಿದೆ.

ಇನ್ನು ಜೈನರ ವೈದ್ಯಪರಂಪರೆಯ ಮಾತು. ಔಷಧದಾನವು ಚತುರ್ವಿಧ ದಾನಗಳಲ್ಲೊಂದು. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿ, ಮದ್ಯ ಮಾಂಸ ಮಧುಗಳನ್ನು ಬಿಟ್ಟು ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. ಮಾಂಸೌಷಧವು ಅನಗತ್ಯವೆಂದು ನೃಪತುಂಗ ಅಮೋಘವರ್ಷನ ಸಭೆಯಲ್ಲಿ ವೈದ್ಯರ ಮುಂದೆ ವಾದಿಸಿದರು. ಹನ್ನೆರಡನೆಯ ಶತಮಾನದ ಕೀರ್ತಿವರ್ಮನು ದನಕರುಗಳ ರೋಗಗಳಿಗೆ ಕನ್ನಡದಲ್ಲಿ ಗೋವೈದ್ಯವನ್ನು ಬರೆದನು. ಮಂಗರಾಜನು ವಿಷಚಿಕಿತ್ಸೆಗೆ ಖಗೇಂದ್ರಮಣಿದರ್ಪಣವನ್ನು ಬರೆದನು. ಇವರೆಲ್ಲರೂ ತಮ್ಮ ಕಾಲದ ರೂಢಿಯನ್ನು ಹಾಗೆಯೇ ಒಪ್ಪಿಕೊಂಡವರಲ್ಲ. ಇದರಿಂದ ಗುಣವೇನು, ಇದರಿಂದ ಯಾವ ಜೀವಕ್ಕೆ ಬಾಧೆ ಎಂದು ಕೇಳಿಕೊಂಡವರು. ಉಗ್ರಾದಿತ್ಯರು ರಾಜಸಭೆಯಲ್ಲಿ ಕೇಳಿದ ಪ್ರಶ್ನೆಯನ್ನು ಬಾಣಂತಿಯ ಕೋಣೆಯಲ್ಲಿ ಕೇಳಲು ಅವರ ಅನುಯಾಯಿಗಳು ಅಂಜುವುದು ವಿಚಿತ್ರವಾಗಿದೆ. ಪ್ರಸಂಗವಶಾತ್ ಒಂದು ಮಾತು: ಹುಟ್ಟಿದ ಮಗುವಿಗೆ ಜೇನು ನೆಕ್ಕಿಸುವ ರೂಢಿಯು ಅನೇಕ ಸಮುದಾಯಗಳಲ್ಲಿದೆ. ಒಂದು ವರ್ಷದೊಳಗಿನ ಶಿಶುವಿಗೆ ಜೇನಿನಿಂದ ಬೊಟುಲಿಸಮ್ ಎಂಬ ಪಾರ್ಶ್ವವಾಯುವಿನಂತಹ ರೋಗವು ಬರಬಹುದೆಂದು ಈಗಿನ ವೈದ್ಯರು ಎಚ್ಚರಿಸುತ್ತಾರೆ. ಅಷ್ಟಮೂಲಗುಣಗಳನ್ನು ಪಾಲಿಸುವ ಮನೆಯ ಶಿಶುವು ಆ ಅಪಾಯದಿಂದ ತಾನಾಗಿಯೇ ಪಾರಾಗಿದೆ.

ವ್ರತನಿಷ್ಠರ ಮನೆಗಳಲ್ಲಿ ಇನ್ನೊಂದು ವಾದವು ಕೇಳಿಬರುವುದುಂಟು. ಅದು ಹೆಚ್ಚು ಸೂಕ್ಷ್ಮವಾದುದು. ರೋಗವು ಅಸಾತಾವೇದನೀಯದ ಉದಯ, ನೋವನ್ನು ಉಂಡರೆ ಕರ್ಮವು ಸವೆಯುತ್ತದೆ, ಆದುದರಿಂದ ಮಗುವಿಗೆ ಸ್ವಲ್ಪ ನೋವಾದರೂ ನಷ್ಟವಿಲ್ಲವೆಂಬುದು ಆ ವಾದ. ಮುನಿಗಳು ಕೈಯಿಂದ ಕೇಶವನ್ನು ಕಿತ್ತುಕೊಳ್ಳುವುದಿಲ್ಲವೇ ಎಂದೂ ಕೇಳುತ್ತಾರೆ. ಮುನಿಗಳು ಕಿತ್ತುಕೊಳ್ಳುವುದು ತಮ್ಮ ಕೇಶವನ್ನು. ತಪಸ್ಸೆಂಬುದು ತನ್ನ ಇಚ್ಛೆಯನ್ನು ತಾನೇ ನಿರೋಧಿಸುವುದು; ಇನ್ನೊಬ್ಬರ ಮೈಯನ್ನು ಸಾಧನವಾಗಿಸಿಕೊಂಡು ಮಾಡುವ ತಪಸ್ಸು ಜಿನಾಗಮದಲ್ಲಿಲ್ಲ. ಎಂಟು ವರ್ಷಗಳು ತುಂಬುವ ಮೊದಲು ಮನುಷ್ಯಜೀವಕ್ಕೆ ಸಂಯಮವಾಗಲಿ ದೇಶಸಂಯಮವಾಗಲಿ ಉಂಟಾಗದೆಂದು ಧವಲಾದಿ ಸಿದ್ಧಾಂತಗ್ರಂಥಗಳ ನಿರ್ಣಯ. ಅಷ್ಟರವರೆಗೆ ಮಗುವಿನ ಮೂಲಗುಣಗಳ ಹೊಣೆಯು ತಂದೆತಾಯಿಯರದೆಂದು ನಾಮಕರಣದ ಹೊತ್ತಿಗೆ ಬಸದಿಯಲ್ಲಿ ಹಿರಿಯರು ಹೇಳಿಕೊಡುವ ಸಂಪ್ರದಾಯವೂ ಇದೆ. ಸಂಯಮವೇ ಸಂಭವಿಸದ ಜೀವದ ಮೇಲೆ ಹೇರಿದ ನೋವು ತಪಸ್ಸಾಗುವುದಾದರೂ ಹೇಗೆ? ಮಗುವು ತಾನಾಗಿ ಬಂದ ನೋವನ್ನು ಅನುಭವಿಸಿದರೆ ಅದರ ಕರ್ಮದ ಲೆಕ್ಕವು ಅದಕ್ಕೆ ಸೇರಿದ್ದು. ಆ ನೋವನ್ನು ತಂದವರ ಆಸ್ರವದ ಲೆಕ್ಕವು ಬೇರೆಯೇ ಇರುತ್ತದೆ. ಅದರ ಕರ್ಮವು ಸವೆದೀತೆಂಬ ನೆಪದಿಂದ ಇವರ ಲೆಕ್ಕವು ತೀರುವುದಿಲ್ಲ. ಈ ವಾದವನ್ನು ಒಪ್ಪಿದರೆ ಕುರಿಯನ್ನು ಕೊಯ್ಯುವವನೂ ತಾನು ಕುರಿಗೆ ನಿರ್ಜರೆಯನ್ನು ಮಾಡಿಸಿದೆನೆಂದು ಹೇಳಿಯಾನು.

ಕೇಶಲೋಚನವನ್ನು ಕಾನೂನು ಸಹ ಬೇರೆಯಾಗಿಯೇ ಕಂಡಿದೆ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು ಕರ್ನಾಟಕವು 2017ರಲ್ಲಿ ಮಾಡಿದ ಕಾಯಿದೆಯು, 2020ರಲ್ಲಿ ಜಾರಿಗೆ ಬಂದಾಗ, ಜೈನರ ಕೇಶಲೋಚನವನ್ನು ನಿಷೇಧದಿಂದ ಹೊರಗಿಟ್ಟಿತು. ಅದರ ಪಕ್ಕದಲ್ಲಿಯೇ ಮಕ್ಕಳ ಕಿವಿಮೂಗು ಚುಚ್ಚಿಸುವುದಕ್ಕೂ ವಿನಾಯಿತಿಯಿದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದು ಶಾಸನಕರ್ತರಿಗೆ ಅನುಕೂಲವಾಗಿರಬಹುದು. ಆದರೆ ವಿಚಾರವಂತನಿಗೆ ಅವೆರಡೂ ಒಂದೇ ಅಲ್ಲ. ಮೊದಲನೆಯದರಲ್ಲಿ ನೋಯುವವನೇ ಸಂಕಲ್ಪಿಸಿದವನು. ಎರಡನೆಯದರಲ್ಲಿ ಮಗುವಿನ ಪರವಾಗಿ ಹಿರಿಯರು ಸಂಕಲ್ಪಿಸುತ್ತಾರೆ. ಕ್ಷಣದ ನೋವು, ಅಳಿಯದ ಹಾನಿಯೇನೂ ಇಲ್ಲವೆಂಬುದೇ ಅದಕ್ಕಿರುವ ಸಮರ್ಥನೆ. ಅದು ಛೇದವೆಂಬ ಅತಿಚಾರದ ಹೊಸ್ತಿಲಿಗೆ ಬಂದು ನಿಲ್ಲುವ ಆಚಾರವೆಂದು ಯಾರಾದರೂ ಹೇಳಿದರೆ ಅವರನ್ನು ಗದರಿಸಿ ಸುಮ್ಮನಾಗಿಸುವುದು ಸಲ್ಲದು.

ಎಂಟು ವರ್ಷಗಳನ್ನು ದಾಟಿದ ಮಾತ್ರಕ್ಕೆ ಎಲ್ಲ ಹೊರೆಯೂ ಹೊರಬಹುದಾದ ಹೊರೆಯಾಗುವುದಿಲ್ಲ. 2016ರ ಅಕ್ಟೋಬರಿನಲ್ಲಿ ಹೈದರಾಬಾದಿನ ಜೈನ ಕುಟುಂಬವೊಂದರ 13 ವರ್ಷದ ಬಾಲಿಕೆಯು 68 ದಿನಗಳ ಉಪವಾಸದ ತರುವಾಯ ತೀರಿಕೊಂಡಳು. ಮಕ್ಕಳ ಹಕ್ಕುಗಳ ಸಂಘಟನೆಯೊಂದು ದೂರಿತ್ತಿತು, ಪೋಲೀಸರು ಮೊಕದ್ದಮೆಯನ್ನು ದಾಖಲಿಸಿದರು. ಅವಳು ತಾನಾಗಿಯೇ ಬಯಸಿದಳೆಂದು ಮನೆಯವರು ಹೇಳಿದರು. ಆ ಕುಟುಂಬದ ದುಃಖವನ್ನು ಕೆದಕುವುದು ಇಲ್ಲಿ ಉದ್ದೇಶವಲ್ಲ. ಆದರೆ ದಶಲಕ್ಷಣ ಪರ್ವದಲ್ಲಿ ಎಷ್ಟು ಉಪವಾಸವೆಂದು ಮಕ್ಕಳನ್ನು ಕೇಳಿ, ಹೆಚ್ಚು ಹೇಳಿದವರಿಗೆ ಚಪ್ಪಾಳೆ ತಟ್ಟುವ ಸಭೆಗಳು ಯಾವ ಪಂಥದಲ್ಲಿದ್ದರೂ, ಅತಿಭಾರಾರೋಪಣವೆಂಬ ಪದದ ಅರ್ಥವನ್ನು ಒಮ್ಮೆ ಓದಿಕೊಳ್ಳುವುದು ಒಳಿತು. ಶಕ್ತಿಯನ್ನು ಮೀರಿದ ತಪಸ್ಸನ್ನು ಆಚಾರ್ಯರು ವಿಧಿಸಿಲ್ಲ. ಶಕ್ತಿಗೆ ತಕ್ಕ ತ್ಯಾಗ, ಶಕ್ತಿಗೆ ತಕ್ಕ ತಪಸ್ಸು ಎಂದು ಷೋಡಶಕಾರಣ ಭಾವನೆಗಳಲ್ಲಿಯೇ ಹೇಳಿದೆ.

ಅತಿಚಾರಗಳಲ್ಲಿ ಕೊನೆಯದಾದ ಅನ್ನಪಾನನಿರೋಧವು ಸದ್ದಿಲ್ಲದೆ ಅತಿ ಹೆಚ್ಚು ಮಕ್ಕಳನ್ನು ಬಲಿತೆಗೆದುಕೊಂಡಿರುವಂಥದು. ಬರೆಯು ಕಣ್ಣಿಗೆ ಕಾಣುತ್ತದೆ, ಬಾಯಾರಿಕೆಯು ಕಾಣುವುದಿಲ್ಲ. ಹೆರಿಗೆಯಾದೊಡನೆ ಬರುವ ಹಳದಿ ಬಣ್ಣದ ಮೊದಲ ಹಾಲು ಕೆಟ್ಟುದೆಂದು ಹಿಂಡಿ ಚೆಲ್ಲುವುದು ಇದರಲ್ಲಿ ಮೊದಲನೆಯದು. ರೋಗನಿರೋಧಕ ದ್ರವ್ಯಗಳು ತುಂಬಿರುವ ಆ ಹಾಲನ್ನು ಹುಟ್ಟಿದ ಒಂದು ಗಂಟೆಯೊಳಗೆ ಕುಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಎರಡನೆಯದು ಭೇದಿಯಾದಾಗ ನೀರನ್ನೂ ಹಾಲನ್ನೂ ನಿಲ್ಲಿಸುವುದು. ಕುಡಿದುದೆಲ್ಲ ಹಾಗೆಯೇ ಹೋಗುತ್ತದೆ, ಹೊಟ್ಟೆಗೆ ವಿಶ್ರಾಂತಿ ಕೊಡೋಣವೆಂಬ ತರ್ಕವು ಕೇಳಲು ಸಮಂಜಸವಾಗಿದೆ. ಆದರೆ ಭೇದಿಯಲ್ಲಿ ಮಗುವನ್ನು ಕೊಲ್ಲುವುದು ಮೈಯೊಳಗಿನ ನೀರೂ ಲವಣವೂ ಬತ್ತುವುದು. ಎಳೆಯ ಮೈಯಲ್ಲಿ ನೀರಿನ ಭಾಗವು ದೊಡ್ಡವರಿಗಿಂತ ಹೆಚ್ಚು. ಆದುದರಿಂದ ಅದು ಬೇಗನೆ ಬತ್ತುತ್ತದೆ. ಕಣ್ಣು ಗುಳಿಬೀಳುತ್ತದೆ, ನೆತ್ತಿಯು ಒಳಗೆ ಇಳಿಯುತ್ತದೆ. ನೆತ್ತಿ ಬಿದ್ದಿದೆಯೆಂದು ಅಲ್ಲಿಗೆ ಎಣ್ಣೆ ಒತ್ತುವ ಕೈಯು ಒಂದು ಚಮಚ ನೀರನ್ನು ಬಾಯಿಗೆ ಹಾಕಿದ್ದರೆ ನೆತ್ತಿಯು ತಾನಾಗಿಯೇ ಏಳುತ್ತಿತ್ತು.

1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಓಡಿಬಂದ ನಿರಾಶ್ರಿತರ ನಡುವೆ, ಬಂಗಾಳದ ಗಡಿಯ ಬನಗಾಂವಿನಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿದುಹೋಗಿತ್ತು. ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು ಸಕ್ಕರೆಗಳನ್ನು ನೀರಿನಲ್ಲಿ ಕರಗಿಸಿ, ಪೀಪಾಯಿಗಳಲ್ಲಿ ತುಂಬಿಸಿಟ್ಟು, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರವರೆಗೂ ಇದ್ದ ಮರಣವು ಆ ನೀರನ್ನು ಕುಡಿದವರಲ್ಲಿ 4ಕ್ಕಿಂತ ಕೆಳಗಿಳಿಯಿತು. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು. ಇಷ್ಟೇ ಮನೆಯಲ್ಲಿ ಮಾಡುವ ಕ್ರಮ. ಓ.ಆರ್.ಎಸ್. ಪೊಟ್ಟಣವು ಅಂಗನವಾಡಿಯಲ್ಲಿಯೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಸಿಗುತ್ತದೆ. ನೀರನ್ನು ಸೋಸಿ ಕಾಯಿಸಿ ಪ್ರಾಸುಕವಾಗಿಸಿ ಕುಡಿಯುವ ಅಭ್ಯಾಸವುಳ್ಳ ಮನೆಗೆ ಈ ಚಿಕಿತ್ಸೆಯು ಬಹು ಸುಲಭವಾದುದು.

ಇಲ್ಲಿ ಒಂದು ತೊಡಕು ದಿಗಂಬರ ಮನೆಗಳಿಗೆ ವಿಶೇಷವಾದುದು. ಸೂರ್ಯಾಸ್ತದ ತರುವಾಯ ನೀರನ್ನೂ ಮುಟ್ಟದ ಅಜ್ಜಿಯು ಮನೆಯಲ್ಲಿದ್ದಾಗ, ನಡುರಾತ್ರಿ ಭೇದಿಯಾಗುತ್ತಿರುವ ಮೊಮ್ಮಗುವಿಗೆ ಚಮಚಚಮಚವಾಗಿ ನೀರು ಕುಡಿಸಲು ಸೊಸೆಯು ಅಂಜುವುದುಂಟು. ಅತ್ತೆಯವರೇ, ಮಗುವಿನ ಬಾಯಿ ಒಣಗಿದೆ ಎಂದು ಹೇಳಲೂ ಅವಳಿಗೆ ನಾಲಗೆ ಏಳುವುದಿಲ್ಲ. ರಾತ್ರಿಭೋಜನತ್ಯಾಗವನ್ನು ಸ್ವೀಕರಿಸಿದವರು ಅಜ್ಜಿ. ಮಗುವು ಯಾವ ವ್ರತವನ್ನೂ ಸ್ವೀಕರಿಸಿಲ್ಲ, ಸ್ವೀಕರಿಸಲು ಅದಕ್ಕೆ ವಯಸ್ಸೂ ಆಗಿಲ್ಲ. ತನ್ನ ವ್ರತದ ನೀರನ್ನು ತಾನು ಬಿಡುವುದು ತ್ಯಾಗ; ಆ ವ್ರತದ ಹೆಸರಿನಲ್ಲಿ ಬತ್ತುತ್ತಿರುವ ಶಿಶುವಿನ ನೀರನ್ನು ತಡೆದರೆ ಅದೇ ಅನ್ನಪಾನನಿರೋಧ. ಆರನೆಯ ಅಣುವ್ರತವೆಂದು ಪರಿಗಣಿತವಾದುದನ್ನು ಉಳಿಸಲು ಹೋಗಿ ಮೊದಲನೆಯ ಅಣುವ್ರತವನ್ನು ಮುರಿಯುವುದನ್ನು ಯಾವ ಶ್ರಾವಕಾಚಾರವೂ ಒಪ್ಪದು. ನಿಷ್ಠೆಯುಳ್ಳ ಅಜ್ಜಿಯೇ ದೀಪವನ್ನು ಹಿಡಿದು, ಕುಡಿಸಮ್ಮಾ ಎಂದರೆ ಅವಳ ವ್ರತಕ್ಕೆ ಕುಂದಿಲ್ಲ.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದು ಕಡೆಯನ್ನೂ ನೋಡಬೇಕು. ಮಗುವಿನ ಮೈಮೇಲೆ ಗುರುತು ಕಂಡೊಡನೆ ಕ್ರೌರ್ಯವೆಂದು ಕೂಗುವುದೂ ಏಕಾಂತದೃಷ್ಟಿಯೇ. 1962ರಲ್ಲಿ ಅಮೆರಿಕದ ಡಾ. ಹೆನ್ರಿ ಕೆಂಪೆ ಮತ್ತು ಸಂಗಡಿಗರು, ಹೆತ್ತವರಿಂದಲೇ ಪೆಟ್ಟುತಿಂದ ಮಕ್ಕಳ ಗಾಯಗಳನ್ನು ವೈದ್ಯರು ಗುರುತಿಸಬೇಕೆಂದು ಬರೆದ ಮೇಲೆ ಆ ದೇಶದ ಆಸ್ಪತ್ರೆಗಳ ಕಣ್ಣು ತೆರೆಯಿತು. 1975ರಲ್ಲಿ ವಿಯೆಟ್ನಾಂ ಯುದ್ಧವು ಮುಗಿದು ನಿರಾಶ್ರಿತರು ಅಮೆರಿಕಕ್ಕೆ ಬಂದಾಗ, ಅವರ ಮಕ್ಕಳ ಬೆನ್ನಿನ ಮೇಲೆ ಪಕ್ಕೆಲುಬಿನ ಗುಂಟ ಕೆಂಪು ಗೆರೆಗಳನ್ನು ಕಂಡು ವೈದ್ಯರು ಗಾಬರಿಯಾದರು. ಅವು ಹೊಡೆತದ ಗುರುತುಗಳಾಗಿರಲಿಲ್ಲ. ಜ್ವರ ಬಂದಾಗ ಎಣ್ಣೆ ಸವರಿ ನಾಣ್ಯದ ಅಂಚಿನಿಂದ ಉಜ್ಜುವುದು ಅವರ ಮನೆಮದ್ದು. ಗೆರೆಗಳು ಕೆಲವು ದಿನಗಳಲ್ಲಿ ಮಾಸಿಹೋಗುತ್ತವೆ. 1976ರಲ್ಲಿಯೇ ವೈದ್ಯಕೀಯ ಪತ್ರಿಕೆಯೊಂದು ಇದನ್ನು ಹುಸಿ ಹೊಡೆತವೆಂದು ಗುರುತಿಸಿ ಎಚ್ಚರಿಸಿತು. ನಾಣ್ಯದ ಗೆರೆಯಿಂದ ಜ್ವರವು ಇಳಿಯುವುದೆಂಬುದಕ್ಕೆ ಆಧಾರವಿಲ್ಲದಿರಬಹುದು. ಆದರೆ ಅದಕ್ಕಾಗಿ ಮಗುವನ್ನು ತಾಯಿಯ ಮಡಿಲಿನಿಂದ ಕಿತ್ತರೆ ಆ ಮಗುವಿಗೆ ಆಗುವ ದುಃಖವು ಗೆರೆಗಿಂತ ದೊಡ್ಡದು. ಮಗುವಿನ ರಕ್ಷಣೆಗೆ ಬಂದ ಅಧಿಕಾರಿಯೂ ವಿಚಾರಿಸದೆ ನಡೆದರೆ ಅವನೂ ಪ್ರಮತ್ತನೇ.

ಹೀಗೆ ಮನೆಮದ್ದುಗಳೆಲ್ಲವೂ ಒಂದೇ ತಕ್ಕಡಿಗೆ ಬರುವುದಿಲ್ಲ. ಎಣ್ಣೆ ಹಚ್ಚಿ ನೀವಿ ಎರೆಯುವ ಅಜ್ಜಿಯ ಕೈ ಮಗುವಿಗೆ ಹಿತವೇ. ಅದೇ ಎಣ್ಣೆಯನ್ನು ಮೂಗಿಗೆ ಬಿಟ್ಟರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಮನೆಯ ದೀಪದ ಕಾಡಿಗೆಗೂ ಸೀಸ ಬೆರೆತ ಸುರುಮಕ್ಕೂ ಅಂತರವಿದೆ. ಕೊರಳಿಗೆ ಕಟ್ಟಿದ ತಾಯತದಿಂದ ಮಗುವಿಗೆ ನೋವಿಲ್ಲ, ಅದು ಸಮಂತಭದ್ರರು ರತ್ನಕರಂಡಕದಲ್ಲಿ ಹೇಳಿದ ಮೂಢತೆಗಳ ವಿಚಾರ, ಬೇರೆ ಸಂದರ್ಭದಲ್ಲಿ ಚರ್ಚಿಸತಕ್ಕದ್ದು. ಆದರೆ ತಾಯತವನ್ನು ನೆಚ್ಚಿ ಆಸ್ಪತ್ರೆಯ ದಾರಿಯನ್ನು ಬಿಟ್ಟರೆ ಆ ದಾರವೂ ಬರೆಯಷ್ಟೇ ಸುಡುತ್ತದೆ.

ಕೊನೆಗೆ ಕಂಬಿಯನ್ನು ಹಿಡಿಯದವರ ಮಾತು. ಹಿಂಸೆಯು ಕೃತ, ಕಾರಿತ, ಅನುಮತವೆಂದು ಮೂರು ಬಗೆ. ಸುಡುವವನು ನಾಟಿವೈದ್ಯ, ಸುಡಿಸುವವಳು ಅಜ್ಜಿ. ಪಡಸಾಲೆಯಲ್ಲಿ ಕುಳಿತು, ಹೆಂಗಸರ ವಿಚಾರವೆಂದು ಪತ್ರಿಕೆಯನ್ನು ಓದುತ್ತಿರುವ ಅಜ್ಜನದು ಮೂರನೆಯ ಬಗೆ. ಮಗುವಿನ ತಂದೆಯು ತಾಯಿಯ ಮಾತಿಗೆ ಎದುರಾಡಲಾರದೆ ಹೊಲಕ್ಕೆ ಹೋದರೆ ಅವನದೂ ಅದೇ. ನೆರೆಮನೆಯವರಿಗೆ ಮಗುವಿನ ಚೀರಾಟವು ಕೇಳಿಸುತ್ತದೆ. ಬೇರೆಯವರ ಮನೆಯ ಮಾತೆಂದು ಅವರು ಬಾಗಿಲನ್ನು ಮುಚ್ಚಿಕೊಳ್ಳುತ್ತಾರೆ. ಇವರೆಲ್ಲರೂ ಅಣುವ್ರತಿಗಳಾಗಿರಬಹುದು. ಬಾಯಿಮಾತಿನ ಒಪ್ಪಿಗೆಯನ್ನು ಯಾರೂ ಕೊಟ್ಟಿಲ್ಲ. ತಡೆಯಬಲ್ಲವನ ಮೌನವನ್ನು ಒಪ್ಪಿಗೆಯೆಂದೇ ಮಗುವಿನ ಮೈ ತಿಳಿದುಕೊಳ್ಳುತ್ತದೆ.

ಮಕ್ಕಳ ನ್ಯಾಯ ಕಾಯಿದೆಯು 2015ರಲ್ಲಿ ಹೊಸದಾಗಿ ರೂಪುಗೊಂಡಾಗ ಅದರ 75ನೆಯ ಕಲಮು, ಮಗುವಿನ ಪಾಲನೆಯ ಹೊಣೆಯಿರುವವರೇ ಅದಕ್ಕೆ ಅನವಶ್ಯಕ ನೋವನ್ನುಂಟುಮಾಡಿದರೆ ಮೂರು ವರ್ಷಗಳವರೆಗೆ ಸೆರೆಯನ್ನು ವಿಧಿಸಬಹುದೆಂದು ಹೇಳಿತು. 1098 ಎಂಬ ಮಕ್ಕಳ ಸಹಾಯವಾಣಿಗೆ ಯಾರೂ ಕರೆಮಾಡಬಹುದು. ಹಿರಿಯರ ಮೇಲೆ ದೂರು ಕೊಡುವುದು ಕುಲಕ್ಕೆ ಕಳಂಕವೆಂದು ಭಾವಿಸುವ ಸಮಾಜಕ್ಕೆ ಇದು ಕಹಿಯಾದ ದಾರಿ. ಅಲ್ಲಿಯವರೆಗೆ ಹೋಗದೆ ತಡೆಯುವ ದಾರಿಗಳು ಅನೇಕವಾಗಿವೆ, ಅವು ಕಂಬಿ ಕಾಯುವ ಮೊದಲೇ ತೆರೆದಿರುತ್ತವೆ. ಗರ್ಭಿಣಿಯಾದ ಏಳನೆಯ ತಿಂಗಳಲ್ಲಿಯೇ, ಮಗುವಿಗೆ ಹಳದಿಯಾದರೆ ಏನು ಮಾಡುವುದೆಂದು ಅತ್ತೆ ಸೊಸೆಯರು ದಾದಿಯ ಮುಂದೆ ಕುಳಿತು ಮಾತಾಡಿಕೊಳ್ಳಬಹುದು. ಅಜ್ಜನು ಪತ್ರಿಕೆಯನ್ನು ಮಡಿಸಿಟ್ಟು ಒಳಗೆ ಬರಬಹುದು. ಬಸದಿಯ ಪಂಡಿತರು ಐದು ಅತಿಚಾರಗಳನ್ನು ವಿವರಿಸುವ ದಿನ ಎತ್ತಿನ ಜೊತೆಗೆ ತೊಟ್ಟಿಲನ್ನೂ ಹೆಸರಿಸಬಹುದು. ಇವಾವುದೂ ಆಗದೆ, ಒಲೆಯಲ್ಲಿ ಕಂಬಿಯು ಕೆಂಪಗಾಗುತ್ತಿರುವುದನ್ನು ಕಂಡವರಿಗೆ ಮಾತ್ರ ಆ ಸಂಖ್ಯೆಯು ಉಳಿದಿದೆ.